ಪರದೇಶದ ಸ್ನೇಹ, ಊರಿನ ಲೆಕ್ಕ

2019ರ ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತು. ವಾರ ಕಳೆಯುವುದರೊಳಗೆ ದೆಹಲಿಗೆ ಬಂದ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಉದ್ಯಮಿಗಳ ಸಭೆಯೊಂದರಲ್ಲಿ ನಗುನಗುತ್ತಲೇ ದೂರು ಹೇಳಿಕೊಂಡರು. ಅಡುಗೆಗೆ ಈರುಳ್ಳಿ ಹಾಕಬೇಡ ಎಂದು ಮನೆಯ ಅಡುಗೆಯವರಿಗೆ ಹೇಳಿಬಿಟ್ಟಿದ್ದೇನೆ, ಇಂಥ ತೀರ್ಮಾನ ಮಾಡುವಾಗ ನೀವು ಮೊದಲೇ ತಿಳಿಸಿದರೆ ಒಳ್ಳೆಯದು ಎಂಬುದು ಅವರ ಮಾತಿನ ಸಾರ. ಸಭೆ ನಕ್ಕಿತು. ಮಾತು ಮಾತ್ರ ಎಲ್ಲ ಪತ್ರಿಕೆಗಳಿಗೂ ಬಂತು.

ಅದೇ ಹೊತ್ತಿಗೆ ಅಜ್ಜಂಪುರ, ಶಿವನಿ, ಕಡೂರು ಕಡೆಯ ಹೊಲಗಳಲ್ಲಿ ಮುಂಗಾರಿನ ಈರುಳ್ಳಿ ಕೀಳುವ ಕಾಲ. ಬಿತ್ತನೆ ಬೀಜ, ಕಳೆ, ಔಷಧಿ, ಕೀಳುವ ಕೂಲಿ, ಚೀಲ, ಯಶವಂತಪುರದವರೆಗಿನ ಲಾರಿ ಬಾಡಿಗೆ ಎಲ್ಲ ಕಳೆದು ಕೈಗೆ ಏನು ಉಳಿಯುತ್ತದೆ ಎಂದು ರೈತ ಲೆಕ್ಕ ಹಾಕುತ್ತಿದ್ದ ದಿನಗಳಲ್ಲೇ ರಫ್ತಿನ ಬಾಗಿಲು ಮುಚ್ಚಿತು. ಢಾಕಾಕ್ಕೂ ಅಜ್ಜಂಪುರಕ್ಕೂ ಸುದ್ದಿ ತಲುಪಿದ್ದು ಒಂದೇ ದಿನ. ಎರಡೂ ಕಡೆಯವರ ದೂರು ಕೂಡ ಒಂದೇ, ಮೊದಲೇ ಯಾಕೆ ಹೇಳಲಿಲ್ಲ ಎಂಬುದು. ಢಾಕಾದ ದೂರಿಗೆ ಉತ್ತರ ಹೇಳಲು ವಿದೇಶಾಂಗ ಸಚಿವಾಲಯವಿತ್ತು. ಅಜ್ಜಂಪುರದ ದೂರನ್ನು ಯಾವ ಸಚಿವಾಲಯ ಕೇಳಿಸಿಕೊಳ್ಳಬೇಕು ಎಂಬುದೇ ತಿಳಿಯದ ಸ್ಥಿತಿ.

ಬೇರೆ ದೇಶದ ಜನರ ಮನಸ್ಸು ಗೆಲ್ಲುವ ಕೆಲಸಕ್ಕೆ ಸಾರ್ವಜನಿಕ ರಾಜತಂತ್ರ ಎಂದು ಹೆಸರು. ಅದರ ಬಗ್ಗೆ ದೆಹಲಿ, ವಾಷಿಂಗ್ಟನ್, ಬೀಜಿಂಗ್‌ಗಳಲ್ಲಿ ಕುಳಿತು ಬರೆದ ಪುಸ್ತಕಗಳು ಬೇಕಾದಷ್ಟಿವೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಅದು ಹೇಗೆ ಕಾಣುತ್ತದೆ? ಇಲ್ಲಿಗೆ ಹೊರಗಿನವರು ಏನು ತಂದರು, ನಾವು ಹೊರಗೆ ಏನು ಕಳಿಸಿದೆವು, ಅದರ ಖರ್ಚು ಯಾರ ತಲೆಗೆ ಬಂತು ಎಂಬುದರ ಸಮೀಕ್ಷೆ ಇದು.

ಬಾಗಿಲಾಚೆಯ ರಾಜತಂತ್ರ

ಮುಚ್ಚಿದ ಬಾಗಿಲ ಹಿಂದೆ ರಾಯಭಾರಿಗಳು ನಡೆಸುವ ಮಾತುಕತೆ ಹಳೆಯ ರಾಜತಂತ್ರ. ಸರ್ಕಾರವೊಂದು ಪರದೇಶದ ಸರ್ಕಾರವನ್ನು ದಾಟಿ ಅಲ್ಲಿನ ಓದುಗರು, ವಿದ್ಯಾರ್ಥಿಗಳು, ರೈತರು, ಪತ್ರಕರ್ತರ ಜೊತೆ ನೇರವಾಗಿ ಮಾತಾಡಿ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಸಲು ಯತ್ನಿಸಿದರೆ ಅದು ಸಾರ್ವಜನಿಕ ರಾಜತಂತ್ರ. ಅಮೆರಿಕದ ನಿವೃತ್ತ ರಾಜತಾಂತ್ರಿಕ ಎಡ್ಮಂಡ್ ಗಲಿಯನ್ 1965ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಶಾಲೆಯಲ್ಲಿ ಇದಕ್ಕೆ ಈಗಿನ ಅರ್ಥ ಕೊಟ್ಟರು. 1990ರಲ್ಲಿ ಜೋಸೆಫ್ ನೈ ಮೃದುಶಕ್ತಿಯ ಮಾತೆತ್ತಿದರು. ಬೆದರಿಕೆಯಿಂದಲೂ ಹಣದಿಂದಲೂ ಆಗದ ಕೆಲಸ ಆಕರ್ಷಣೆಯಿಂದ ಆಗುತ್ತದೆ ಎಂಬುದು ಅವರ ವಾದ. ಇತಿಹಾಸಕಾರ ನಿಕೊಲಸ್ ಕಲ್ ಇದರ ಕೆಲಸಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಕೇಳಿಸಿಕೊಳ್ಳುವುದು, ತನ್ನ ನೀತಿಯನ್ನು ಸಮರ್ಥಿಸುವುದು, ಸಂಸ್ಕೃತಿಯ ಪರಿಚಯ, ವಿದ್ಯಾರ್ಥಿ-ವಿದ್ವಾಂಸರ ವಿನಿಮಯ, ರೇಡಿಯೊ-ಟಿವಿ ಪ್ರಸಾರ. ಕೇಳಿಸಿಕೊಳ್ಳುವುದನ್ನು ಅವರು ಮೊದಲಿಗೇ ಇಟ್ಟಿದ್ದಾರೆ. ಸರ್ಕಾರಗಳು ಅದನ್ನು ಕೊನೆಗೆ ಇಡುತ್ತವೆ.

ಭಾರತದಲ್ಲಿ ಈ ಕೆಲಸ ಹೆಸರಿಗಿಂತ ಹಳೆಯದು. ಮೌಲಾನಾ ಆಜಾದರು 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಕಟ್ಟಿದರು. ಪರದೇಶದ ಅಧಿಕಾರಿಗಳು, ತಂತ್ರಜ್ಞರಿಗೆ ಇಲ್ಲಿ ತರಬೇತಿ ಕೊಡುವ ಐಟೆಕ್ ಯೋಜನೆ 1964ರಲ್ಲಿ ಶುರುವಾಯಿತು. ವಿದೇಶಾಂಗ ಸಚಿವಾಲಯದಲ್ಲಿ ಸಾರ್ವಜನಿಕ ರಾಜತಂತ್ರಕ್ಕೆಂದೇ ಪ್ರತ್ಯೇಕ ವಿಭಾಗ ಬಂದದ್ದು 2006ರಲ್ಲಿ. ಮುಂದೆ ಅದು ಹೊರದೇಶ ಪ್ರಚಾರ ವಿಭಾಗದೊಂದಿಗೆ ಸೇರಿಹೋಯಿತು. 2010ರಲ್ಲಿ ಈ ವಿಭಾಗ ಟ್ವಿಟರ್‌ಗೆ ಕಾಲಿಟ್ಟಾಗ ವಿದೇಶಾಂಗ ಸಚಿವರಾಗಿದ್ದವರು ನಮ್ಮವರೇ ಆದ ಎಸ್.ಎಂ. ಕೃಷ್ಣ.

ಉಪ್ಪಿಟ್ಟಿನ ಕಾಲ

ಬಯಲುಸೀಮೆಯ ಕಡೂರಿನಲ್ಲೂ ಅರೆಮಲೆನಾಡಿನ ತರೀಕೆರೆಯಲ್ಲೂ ಈಗ ಐವತ್ತು ದಾಟಿದವರು ಪರದೇಶದ ಸಾರ್ವಜನಿಕ ರಾಜತಂತ್ರವನ್ನು ನಾಲಗೆಯಲ್ಲೇ ಸವಿದವರು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಬಡಿಸುತ್ತಿದ್ದ ಗೋಧಿ ನುಚ್ಚಿನ ಉಪ್ಪಿಟ್ಟು, ಬಿಸಿನೀರಿನಲ್ಲಿ ಕದಡಿದ ಹಾಲಿನ ಪುಡಿ, ಎಣ್ಣೆಯ ಡಬ್ಬಿಗಳು ಅವರಿಗೆ ನೆನಪಿವೆ. ಹಂಚುತ್ತಿದ್ದದ್ದು ಕೇರ್ ಎಂಬ ಸ್ವಯಂಸೇವಾ ಸಂಸ್ಥೆ, ದವಸ ಅಮೆರಿಕ ಸರ್ಕಾರದ್ದು. ಚೀಲದ ಮೇಲೂ ಡಬ್ಬಿಯ ಮೇಲೂ ಎರಡು ಕೈ ಕುಲುಕುತ್ತಿರುವ ಚಿತ್ರ, ಅಮೆರಿಕದ ಜನರ ಕೊಡುಗೆ ಎಂಬ ಒಕ್ಕಣೆ. ಆ ಚಿತ್ರವೇ ಸಂದೇಶ. ಉಪ್ಪಿಟ್ಟು ತಿಂದ ಮಕ್ಕಳಿಗೆ ಇಂಗ್ಲಿಷ್ ಬಾರದಿದ್ದರೂ ಅದು ಅಮೆರಿಕದ್ದು ಎಂಬುದು ಗೊತ್ತಿತ್ತು.

ಇದರ ಹಿಂದಿದ್ದದ್ದು 1954ರ ಜುಲೈನಲ್ಲಿ ಐಸೆನ್‌ಹೋವರ್ ಸಹಿ ಮಾಡಿದ ಪಿಎಲ್-480 ಕಾಯಿದೆ. ಅಲ್ಲಿನ ರೈತರು ಬೆಳೆದು ಮಿಕ್ಕಿದ ಗೋಧಿಯನ್ನು ಡಾಲರ್ ಇಲ್ಲದ ದೇಶಗಳಿಗೆ ಅವರವರ ನಾಣ್ಯದಲ್ಲೇ ಮಾರಲು ಅದು ದಾರಿ ಮಾಡಿತು. 1956ರಲ್ಲಿ ಭಾರತದೊಡನೆ ಮೊದಲ ಒಪ್ಪಂದವಾಯಿತು. 1965 ಮತ್ತು 66ರಲ್ಲಿ ಒಂದರ ಹಿಂದೊಂದು ಬರ ಬಂದಾಗ ನಮ್ಮ ಆಮದು ವರ್ಷಕ್ಕೆ ಸುಮಾರು ಒಂದು ಕೋಟಿ ಟನ್ನಿಗೆ ಮುಟ್ಟಿತು. ಆಗಲೇ ಅದರ ಇನ್ನೊಂದು ಮುಖವೂ ಕಂಡಿತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ರುಚಿಸಲಿಲ್ಲ. ನಮ್ಮ ಕೃಷಿ ನೀತಿ ತಮ್ಮ ಮನಸ್ಸಿಗೆ ಬಂದಂತೆ ಬದಲಾಗಲಿ ಎಂಬ ಒತ್ತಾಯವೂ ಅವರದಿತ್ತು. ಹಡಗುಗಳನ್ನು ಒಟ್ಟಿಗೆ ಬಿಡದೆ ಒಂದೊಂದಾಗಿ, ತಿಂಗಳು ತಿಂಗಳು ಕಾಯಿಸಿ ಬಿಟ್ಟರು. ಹಡಗಿನಿಂದ ನೇರ ಬಾಯಿಗೆ ಎಂಬಂಥ ಬದುಕು ಎಂದು ಅಂದಿನ ಪತ್ರಿಕೆಗಳು ಅದನ್ನು ಬಣ್ಣಿಸಿದವು. ಹತ್ತು ವರ್ಷ ಕೊಟ್ಟು ಗಳಿಸಿದ ಒಳ್ಳೆಯ ಹೆಸರು ಎರಡು ವರ್ಷ ಕಾಯಿಸಿದ್ದರಲ್ಲಿ ಕರಗಿತು. ಇಂದಿರಾ ಗಾಂಧಿ ಸರ್ಕಾರ ಹಸಿರು ಕ್ರಾಂತಿಗೆ ಅಷ್ಟು ಅವಸರ ಮಾಡಿದ್ದಕ್ಕೆ ಹಸಿವೊಂದೇ ಕಾರಣವಲ್ಲ, ಆ ಅವಮಾನವೂ ಕಾರಣ. 1974ರ ಫೆಬ್ರುವರಿಯಲ್ಲಿ ರಾಯಭಾರಿ ಡೇನಿಯಲ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ ಒಂದನ್ನು ಭಾರತಕ್ಕೆ ಹಿಂದಿರುಗಿಸಿ, ಇಲ್ಲಿ ಗುಡ್ಡೆಬಿದ್ದಿದ್ದ ಗೋಧಿಯ ರೂಪಾಯಿಗಳ ಲೆಕ್ಕವನ್ನು ಬಹುಮಟ್ಟಿಗೆ ಚುಕ್ತಾ ಮಾಡಿದರು.

ಜನ ನೆನಪಿಟ್ಟುಕೊಂಡದ್ದು ಆ ಚೆಕ್ಕನ್ನಲ್ಲ. ಕಡೂರಿನ ರಸ್ತೆಬದಿಯಲ್ಲಿ, ಬೀಳು ಬಿದ್ದ ಹೊಲದಲ್ಲಿ ಮಳೆ ಬಿದ್ದ ಕೂಡಲೇ ಬಿಳಿ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ, ನಮ್ಮ ರೈತರ ಬಾಯಲ್ಲಿ ಕಾಂಗ್ರೆಸ್ ಗಿಡ, ಆ ಗೋಧಿಯ ಜೊತೆಗೇ ಬಂತು ಎಂಬ ನಂಬಿಕೆ ಬಲವಾಗಿದೆ. ಅದಕ್ಕೂ ಮೊದಲೇ ಗಿಡ ಭಾರತದಲ್ಲಿತ್ತು ಎನ್ನುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಸತ್ಯ ಯಾವುದಾದರೂ ಇರಲಿ, ಕೈ ಕುಲುಕುವ ಚಿತ್ರದ ಚೀಲ ಮರೆತುಹೋಗಿ ಮೈ ಕೆರೆಸುವ ಕಳೆಯ ಅಪವಾದ ಉಳಿಯಿತು. ಕೊಟ್ಟವರ ಮೇಲೆ ನಂಬಿಕೆ ಹೋದಮೇಲೆ ಅವರ ಬಗ್ಗೆ ಏನನ್ನಾದರೂ ನಂಬುವುದು ಸುಲಭ.

ಸೋವಿಯತ್ ಒಕ್ಕೂಟದ ದಾರಿ ಬೇರೆ. ಅವರು ಗೋಧಿಯ ಬದಲು ಕಾಗದ ಕಳಿಸಿದರು. ಸೋವಿಯತ್ ಲ್ಯಾಂಡ್ ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು; ಅದರ ನುಣುಪು ಹಾಳೆಗಳು ಶಾಲೆಯ ಪುಸ್ತಕಗಳಿಗೆ ಬೈಂಡ್ ಆಗಿ ಮಲೆನಾಡಿನ ಮಳೆಯನ್ನೂ ತಡೆದವು. ರೇಡಿಯೊ ಮಾಸ್ಕೊ ಕನ್ನಡದಲ್ಲೂ ಮಾತಾಡಿತು. 1960ರಲ್ಲಿ ಹುಟ್ಟಿದ ನವಕರ್ನಾಟಕ ಪ್ರಕಾಶನ ಅಲ್ಲಿನ ಮಕ್ಕಳ ಪುಸ್ತಕ, ವಿಜ್ಞಾನ, ಕಾದಂಬರಿಗಳನ್ನು ಚಿಲ್ಲರೆ ಕಾಸಿಗೆ ಊರೂರು ತಲುಪಿಸಿತು. ಆ ದೇಶವೇ 1991ರಲ್ಲಿ ಇಲ್ಲವಾದಾಗ ಪತ್ರಿಕೆ ನಿಂತಿತು, ಓದಿದವರ ಅಭಿರುಚಿ ಮಾತ್ರ ನಿಲ್ಲಲಿಲ್ಲ. ಟಾಲ್‌ಸ್ಟಾಯ್, ಗಾರ್ಕಿಯರನ್ನು ಕನ್ನಡದಲ್ಲೇ ಓದಿ ಬೆಳೆದ ಮೇಷ್ಟ್ರುಗಳು ಈ ಭಾಗದ ಪ್ರೌಢಶಾಲೆಗಳಲ್ಲಿ ಎಷ್ಟೋ ಮಂದಿ ಇದ್ದರು. ಅವರೆಲ್ಲ ಕಮ್ಯುನಿಸ್ಟರಾಗಲಿಲ್ಲ, ರಷ್ಯಾವನ್ನು ಶತ್ರು ಎಂದು ಒಪ್ಪಲೂ ಇಲ್ಲ. ಪ್ರಚಾರಕನಿಗೆ ಅದು ಅರ್ಧ ಗೆಲುವು, ರಾಜತಾಂತ್ರಿಕನಿಗೆ ಪೂರ್ತಿ ಗೆಲುವು.

ಮೂರನೆಯ ದಾರಿ ವಿದ್ಯಾರ್ಥಿವೇತನ. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾಕ್ಕೆ ಹೋದರು. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿನಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿದರು. ಎಸ್.ಎಂ. ಕೃಷ್ಣ ಅವರೂ ಫುಲ್‌ಬ್ರೈಟ್ ವಿದ್ಯಾರ್ಥಿಯೇ. ಡಲ್ಲಾಸ್‌ನಲ್ಲೂ ವಾಷಿಂಗ್ಟನ್ನಿನಲ್ಲೂ ಓದಿ, 1960ರ ಚುನಾವಣೆಯಲ್ಲಿ ಕೆನಡಿ ಪರ ಪ್ರಚಾರಕ್ಕೂ ಓಡಾಡಿ ಬಂದವರು ಅರ್ಧ ಶತಮಾನದ ನಂತರ ಭಾರತದ ವಿದೇಶಾಂಗ ಸಚಿವರಾಗಿ ಅದೇ ವಾಷಿಂಗ್ಟನ್ನಿನಲ್ಲಿ ಮಾತುಕತೆಗೆ ಕುಳಿತರು. ಇಂಥ ಫಲಕ್ಕೆ ಚುನಾವಣೆಯ ಲೆಕ್ಕದ ಐದು ವರ್ಷ ಸಾಲದು. ಹಾಗೆಂದು ವಿದ್ಯಾರ್ಥಿವೇತನ ಪಡೆದವರು ಕೊಟ್ಟ ದೇಶದ ವಕೀಲರಾಗುತ್ತಾರೆಂದೂ ಅಲ್ಲ. ಇಂಗ್ಲೆಂಡಿನಲ್ಲಿದ್ದಾಗಲೇ ಅನಂತಮೂರ್ತಿಯವರು ಬರೆದದ್ದು ತೀರ್ಥಹಳ್ಳಿ ಸೀಮೆಯ ಅಗ್ರಹಾರದ ಕತೆಯನ್ನು. ಮನುಷ್ಯನನ್ನು ಬೆಳೆಯಲು ಬಿಟ್ಟು ಸುಮ್ಮನಿರುವುದು ಈ ದಾರಿಯ ಗುಟ್ಟು.

ಹೆಸರಿದ್ದು ಕೆಲಸವಾಗದ್ದು, ಒಪ್ಪಂದವಿದ್ದು ಜನರಿಲ್ಲದ್ದು

ಜನಪ್ರಿಯತೆಗೂ ನೀತಿಗೂ ಇರುವ ದೂರವನ್ನು ತಿಳಿಯಲು ಅಜ್ಜಂಪುರದಿಂದಲೇ ಹೊರಡಬಹುದು. ಇಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಫಿರಂಗಿ ಎಳೆಯುವ ಆ ಎತ್ತುಗಳನ್ನು ಬೆಳೆಸಿದ ದೊರೆಯೇ ಇಂಗ್ಲಿಷರ ವಿರುದ್ಧ ಫ್ರೆಂಚರ ಸೈನ್ಯ ಬೇಡಿ ಮೂವರು ರಾಯಭಾರಿಗಳನ್ನು ಪ್ಯಾರಿಸ್‌ಗೆ ಕಳಿಸಿದ. 1788ರ ಆಗಸ್ಟ್ 10ರಂದು ಹದಿನಾರನೆಯ ಲೂಯಿ ವರ್ಸೈಲ್ಸ್ ಅರಮನೆಯಲ್ಲಿ ಅವರನ್ನು ಬರಮಾಡಿಕೊಂಡ. ಅವರನ್ನು ನೋಡಲು ಪ್ಯಾರಿಸ್ಸಿನ ಜನ ಮುಗಿಬಿದ್ದರು. ಹೆಸರಾಂತ ಕಲಾವಿದೆ ವಿಜೆ ಲ ಬ್ರನ್ ಅವರಲ್ಲೊಬ್ಬನಾದ ದರವೇಶ್ ಖಾನ್‌ನ ಚಿತ್ರ ಬರೆದಳು. ಉಡುಪು, ನಡೆ, ಊಟ ಎಲ್ಲವೂ ಸುದ್ದಿಯಾಯಿತು. ಬೊಕ್ಕಸ ಬರಿದಾಗಿದ್ದ ಲೂಯಿ ಮಾತ್ರ ಸೈನ್ಯ ಕೊಡಲಿಲ್ಲ, ಕುಶಲಕರ್ಮಿಗಳನ್ನು ಕೊಟ್ಟು ಕಳಿಸಿದ. ಮರುವರ್ಷ ಅವನ ಸಿಂಹಾಸನವೇ ಅಲುಗಿತು. ಮೈಸೂರಿಗೆ ಊರೆಲ್ಲ ಹೆಸರು ಬಂತು, ನೆರವು ಬರಲಿಲ್ಲ.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಇದೇ ಜಿಲ್ಲೆಯ ಕುದುರೆಮುಖ. ಇರಾನಿನ ಷಾ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂದು 63 ಕೋಟಿ ಡಾಲರ್ ಸಾಲ ಕೊಡಲು 1975ರಲ್ಲಿ ಒಪ್ಪಿದ; 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1979ರಲ್ಲಿ ಷಾ ದೇಶ ಬಿಟ್ಟು ಓಡಿದ. ಹೊಸ ಸರ್ಕಾರಕ್ಕೆ ಅದಿರೂ ಬೇಡವಾಯಿತು, ಒಪ್ಪಂದವೂ ಬೇಡವಾಯಿತು. ಗಣಿಯ ಕಾಮಗಾರಿ ಮುಗಿಸಿ ಬೇರೆ ಗಿರಾಕಿ ಹುಡುಕುವ ಕೆಲಸ ಭಾರತದ ಪಾಲಿಗೆ ಬಂತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಒಪ್ಪಂದ ಇಬ್ಬರು ಆಳುವವರ ನಡುವಿನದು. ಟೆಹರಾನಿನ ಜನರಿಗಾಗಲಿ ಕಳಸ-ಮೂಡಿಗೆರೆಯ ಜನರಿಗಾಗಲಿ ಅದು ತಮ್ಮದು ಎನ್ನಿಸುವಂಥ ಯಾವ ಏರ್ಪಾಡೂ ಅದರಲ್ಲಿರಲಿಲ್ಲ, ಆದ್ದರಿಂದ ಆಳುವವನು ಹೋದಾಗ ಅದನ್ನು ಉಳಿಸಿಕೊಳ್ಳಲು ಯಾರೂ ಇರಲಿಲ್ಲ. ವರ್ಸೈಲ್ಸ್‌ನಲ್ಲಿ ಜನರಿದ್ದರು, ನೀತಿ ಇರಲಿಲ್ಲ. ಕುದುರೆಮುಖದಲ್ಲಿ ನೀತಿ ಇತ್ತು, ಜನರಿರಲಿಲ್ಲ. ಎರಡೂ ಕೂಡದೆ ಕೆಲಸವಾಗದು.

ನಾವು ಕಳಿಸಿದ್ದು

ಈಗ ಭಾರತವೇ ಹೊರಗಿನವರ ಮನಸ್ಸಿಗೆ ಕೈಚಾಚುವ ಸರದಿ. ಯೋಗ ಇದರಲ್ಲಿ ಮೊದಲನೆಯದು. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನವೆಂದು ಒಪ್ಪಿತು. 2022ರ ಮುಖ್ಯ ಆಚರಣೆ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯಿತು. ಆದರೆ ಪರದೇಶದವರನ್ನು ಮೈಸೂರಿಗೆ ಎಳೆದು ತಂದದ್ದು ಸರ್ಕಾರವಲ್ಲ. ಹಾಸನ ಜಿಲ್ಲೆಯಿಂದ ಹೋದ ಪಟ್ಟಾಭಿ ಜೋಯಿಸರಂಥವರು ದಶಕಗಳ ಕಾಲ ಮನೆಯಲ್ಲೇ ಕೂರಿಸಿ ಕಲಿಸಿದ್ದರಿಂದ ಆದ ಕೆಲಸವದು. ಸರ್ಕಾರ ಆಮೇಲೆ ಬಂದು ಅದಕ್ಕೊಂದು ದಿನ ಗೊತ್ತುಮಾಡಿತು.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಬಸವೇಶ್ವರರ ಪ್ರತಿಮೆಯನ್ನು ಅನಾವರಣ ಮಾಡಿದ್ದರ ಹಿಂದೆಯೂ ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನವಿತ್ತು. 2023ರ ಜುಲೈನಲ್ಲಿ ಜಿ-20ರ ಸಭೆಗಳು ಹಂಪಿಯಲ್ಲಿ ನಡೆದಾಗ ಸಂಡೂರಿನ ಲಂಬಾಣಿ ಮಹಿಳೆಯರು ಹೊಲಿದ ಕಸೂತಿಯ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕಡೂರು, ತರೀಕೆರೆ, ಅಜ್ಜಂಪುರಗಳ ತಾಂಡಾಗಳಲ್ಲೂ ಅದೇ ಕನ್ನಡಿ ಚೂರು, ಅದೇ ಸೂಜಿಯ ಕೆಲಸವಿದೆ. ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸರಿಗೆ ಅದಕ್ಕೆ ಮಾರುಕಟ್ಟೆ ಇನ್ನೂ ಸಿಕ್ಕಿಲ್ಲ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿಯ ಲಾಂಛನ ಕಂಡಿತು. ಹಾಸನ ಹಾಲು ಒಕ್ಕೂಟಕ್ಕೆ ಬೆಳಗ್ಗೆ ಸಂಜೆ ಹಾಲು ಹಾಕುವ ಕಡೂರಿನ ಹೆಂಗಸರ ದುಡಿಮೆಯೂ ಆ ಲಾಂಛನದಲ್ಲಿದೆ.

ತರೀಕೆರೆ ಹತ್ತಿರದ ಅಮೃತಾಪುರದ ಕತೆ ಸ್ವಲ್ಪ ಬೇರೆ. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇಗುಲ ಅಲ್ಲಿದೆ. ಹೊರಗೋಡೆಯ ಮೇಲೆ ರಾಮಾಯಣ, ಭಾರತ, ಭಾಗವತಗಳ ಕತೆ ಸಾಲುಸಾಲಾಗಿ ನಡೆಯುತ್ತದೆ. 2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಯುನೆಸ್ಕೊ ಹೊಯ್ಸಳ ದೇಗುಲಗಳನ್ನು ಭಾರತದ 42ನೆಯ ವಿಶ್ವ ಪರಂಪರೆಯ ತಾಣವೆಂದು ಒಪ್ಪಿದಾಗ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಆಯ್ಕೆಗೆ ತಕ್ಕ ಕಾರಣಗಳಿದ್ದಿರಬಹುದು. ಆದರೆ ಪರಂಪರೆಯನ್ನು ಹೊರಗಿನವರಿಗೆ ತೋರಿಸುವ ಯಾವ ಯೋಜನೆಗೂ ಮೂರು ದೀಪ ಹಚ್ಚಿ ಮೂವತ್ತು ಊರನ್ನು ಕತ್ತಲಲ್ಲಿ ಬಿಡುವ ಸ್ವಭಾವ ಇರುತ್ತದೆ. ಬೇಲೂರಿಗೆ ಬರುವ ಪರದೇಶದ ಪ್ರವಾಸಿ ಒಂದು ರಾತ್ರಿ ತರೀಕೆರೆಯಲ್ಲಿ ಉಳಿದು ಅಮೃತಾಪುರ ನೋಡುವಂತೆ ಮಾಡಿದರೆ ಆ ಮನ್ನಣೆಯ ಫಲ ಈ ತಾಲ್ಲೂಕಿಗೂ ಬಂದೀತು.

2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಸಂಕಲನ ಹಾರ್ಟ್ ಲ್ಯಾಂಪ್‌ಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಇಷ್ಟೊಂದು ಕಿವಿಗಳು ಹಿಂದೆ ಸಿಕ್ಕಿರಲಿಲ್ಲ. ಆ ಕತೆಗಳು ನಮ್ಮ ಸಮಾಜವನ್ನು ಹೊಗಳುವುದಿಲ್ಲ, ಅದರ ಗಾಯಗಳನ್ನು ತೋರಿಸುತ್ತವೆ. ಸರ್ಕಾರಿ ಸಮಿತಿಯೊಂದಕ್ಕೆ ದೇಶದ ಹೆಮ್ಮೆಯ ಪುಸ್ತಕ ಆರಿಸುವ ಕೆಲಸ ಕೊಟ್ಟಿದ್ದರೆ ಇದನ್ನು ಆರಿಸುತ್ತಿತ್ತೇ ಎಂಬುದು ಅನುಮಾನ. ತನ್ನನ್ನು ತಾನೇ ಟೀಕಿಸಿಕೊಳ್ಳಬಲ್ಲ ಸಮಾಜವನ್ನು ಲೋಕ ಗೌರವದಿಂದ ನೋಡುತ್ತದೆ ಎಂಬುದನ್ನು ಪ್ರಚಾರ ವಿಭಾಗಗಳು ಇನ್ನೂ ಕಲಿಯಬೇಕಾಗಿದೆ.

ಕರೆಯದೆ ಹೋದ ರಾಯಭಾರಿಗಳು

ಯಾವ ಇಲಾಖೆಯೂ ಲೆಕ್ಕಕ್ಕೆ ಇಟ್ಟುಕೊಳ್ಳದ ಇನ್ನೊಂದು ವರ್ಗವಿದೆ. ತರೀಕೆರೆ, ಅಜ್ಜಂಪುರಗಳಿಗೆ ಅಂಟಿಕೊಂಡೇ ಇರುವ ಚನ್ನಗಿರಿ ತಾಲ್ಲೂಕಿನಲ್ಲಿ, ಶಿವಮೊಗ್ಗದಲ್ಲಿ, ಹುಣಸೂರಿನಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರುತ್ತ ಆಫ್ರಿಕಾದ ಎಷ್ಟೋ ಊರುಗಳನ್ನು ಮುಟ್ಟಿದ್ದಾರೆ. ಅಲ್ಲಿನ ಸಂತೆಯವರು ಕಂಡ ಭಾರತೀಯ ಮುಖ ಇವರದೇ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಇವರಲ್ಲಿ ಹಲವರು ಅಲ್ ಫಾಶಿರ್‌ನಲ್ಲಿ ಸಿಕ್ಕಿಕೊಂಡರು. ಇಲ್ಲಿ ವಿಧಾನಸಭೆ ಚುನಾವಣೆಯ ಕಾವು. ಸಿಕ್ಕಿಕೊಂಡವರನ್ನು ಕರೆತನ್ನಿ ಎಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು. ಜೀವದ ಪ್ರಶ್ನೆಯಲ್ಲಿ ರಾಜಕೀಯ ಬೇಡ ಎಂದು ವಿದೇಶಾಂಗ ಸಚಿವ ಜೈಶಂಕರ್ ಕಟುವಾಗಿಯೇ ಉತ್ತರಿಸಿದರು. ಆಮೇಲೆ ನಡೆದ ಕಾರ್ಯಾಚರಣೆಗೆ ನಮ್ಮ ನದಿಯ ಹೆಸರೇ ಬಂತು, ಆಪರೇಷನ್ ಕಾವೇರಿ. ಒಟ್ಟು 3,862 ಮಂದಿಯನ್ನು ಪಾರುಮಾಡಲಾಯಿತು, ಅವರಲ್ಲಿ ಈ ಎಣ್ಣೆ ಮಾರುವವರೂ ಇದ್ದರು.

ಕಾರ್ಯಾಚರಣೆ ಮೆಚ್ಚುವಂಥದ್ದೇ. ಆ ಟ್ವೀಟುಗಳ ಜಗಳದಲ್ಲಿ ತೇಲಿಹೋದ ಪ್ರಶ್ನೆಗಳು ಬೇರೆ. ಇಂಥ ಊರುಗಳಿಂದ ಜನ ಯಾವ ದೇಶಕ್ಕೆ, ಯಾವ ವೀಸಾದಲ್ಲಿ ಹೋಗುತ್ತಾರೆ, ಅಲ್ಲಿನ ಕಾನೂನು ಏನು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಕನ್ನಡದಲ್ಲಿ ಹೇಳುವವರು ಯಾರು? ಗಲ್ಫ್‌ಗೆ ಹೋಗುವ ಚಾಲಕರು, ಮನೆಗೆಲಸದ ಹೆಂಗಸರಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಹೊರಗೆ ದೇಶದ ಹೆಸರು ಉಳಿಸುವುದೂ ಕೆಡಿಸುವುದೂ ಇವರ ಬದುಕೇ ಆಗಿರುವಾಗ ಇವರ ಜೊತೆಗಿನ ಮಾತುಕತೆಯನ್ನು ಯುದ್ಧ ಬಂದಾಗ ಶುರುಮಾಡುವುದು ತಡವಾಯಿತು.

ಒಳಗಿನ ಕೇಳುಗ

ಈ ವಿಷಯದ ಬಗ್ಗೆ ಬರೆದವರು ಹೆಚ್ಚು ಗಮನ ಕೊಡದ, ಆದರೆ ಈ ಮೂರು ತಾಲ್ಲೂಕುಗಳಿಗೆ ಎಲ್ಲಕ್ಕಿಂತ ಹತ್ತಿರದ ಭಾಗಕ್ಕೆ ಈಗ ಬರೋಣ. ಪರದೇಶದ ಸ್ನೇಹಕ್ಕೆ ಬೆಲೆ ತೆರುವವರಿಗೆ ಆ ಸ್ನೇಹದ ಅಗತ್ಯವನ್ನು ವಿವರಿಸಿ ಹೇಳುವವರು ಯಾರು?

ಈರುಳ್ಳಿಯನ್ನೇ ನೋಡಿ. 2019ರ ನಂತರ 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ, ಅದೂ ಇಲ್ಲಿನ ಕೊಯ್ಲಿನ ಹೊತ್ತಿಗೆ. 2023ರ ಆಗಸ್ಟ್‌ನಲ್ಲಿ ಶೇ 40ರ ರಫ್ತು ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. ನಿಷೇಧ ಇರುವಾಗಲೇ ಬಾಂಗ್ಲಾದೇಶ, ಯುಎಇ, ಭೂತಾನ್, ಬಹರೇನ್, ಮಾರಿಷಸ್, ಶ್ರೀಲಂಕಾಗಳಿಗೆ 99,150 ಟನ್ ಕಳಿಸಲು ಸರ್ಕಾರ ಅನುಮತಿ ಕೊಟ್ಟಿತು. ನೆರೆಯವರನ್ನು ಕೈಬಿಡಬಾರದು ಎಂಬ ನೀತಿ ಸರಿಯಾದದ್ದೇ. ಪಟ್ಟಣದ ಗ್ರಾಹಕನಿಗೆ ಬೆಲೆ ಏರದಂತೆ ಬಾಗಿಲು ಮುಚ್ಚಿ, ಮಿತ್ರರಿಗಾಗಿ ಕಿಟಕಿ ತೆರೆದಾಗ ಹೊಲದಲ್ಲಿ ಸಿಗುವ ಬೆಲೆ ತಗ್ಗಿದ್ದರ ನಷ್ಟ ಮಾತ್ರ ರೈತನ ಪಾಲಿಗೆ ಉಳಿಯಿತು. ಅಂದರೆ ಭಾರತ ನೆರೆಯವರಿಗೆ ಕೊಟ್ಟ ಉಡುಗೊರೆಯಲ್ಲಿ ಅಜ್ಜಂಪುರದ ಕಾಣಿಕೆಯೂ ಇತ್ತು. ಕೊಟ್ಟವರ ಹೆಸರನ್ನು ಯಾರೂ ಹೇಳಲಿಲ್ಲ.

ಅಡಿಕೆಯ ಕತೆ ಇನ್ನೂ ಸ್ಪಷ್ಟ. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟು ಇಲ್ಲದೆ ತರಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2022ರ ಸೆಪ್ಟೆಂಬರ್ 28ರಂದು ಅನುಮತಿಸಿತು. ತರೀಕೆರೆಯಿಂದ ತೀರ್ಥಹಳ್ಳಿಯವರೆಗೆ ಆಕ್ರೋಶ ಎದ್ದಿತು. ಮಂಡಿಗಳಲ್ಲಿ ರಾಶಿ ಅಡಿಕೆಯ ಧಾರಣೆ ಕುಸಿಯುತ್ತದೆ ಎಂಬ ಭಯ, ತೋಟದ ಫಸಲನ್ನು ಚೇಣಿಗೆ ಹಿಡಿದವರಿಗೆ ತಾವು ಕೊಟ್ಟ ಮುಂಗಡ ಮುಳುಗುತ್ತದೆ ಎಂಬ ಆತಂಕ. ಲೆಕ್ಕ ಹಾಕಿದರೆ ಭಯದಷ್ಟು ದೊಡ್ಡದಲ್ಲ ಆಮದು. ಇಲ್ಲಿನ ಬೆಳೆಗಾರರ ಲೆಕ್ಕದಲ್ಲಿ ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಹನ್ನೆರಡು ಹದಿಮೂರು ಕಿಲೊ ಕೆಂಪಡಿಕೆ. ಆ ಪ್ರಕಾರ 17,000 ಟನ್ ಹಸಿಯಿಂದ ಸಿಗುವುದು ಎರಡು ಸಾವಿರ ಟನ್ನಿಗೆ ತುಸು ಹೆಚ್ಚು. ಭಾರತ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಅಡಿಕೆ ಬೆಳೆಯುತ್ತದೆ. 2017ರಲ್ಲಿ ಡೋಕ್ಲಾಮಿನಲ್ಲಿ ಚೀನಾದ ಎದುರು ನಿಂತಾಗ ಭೂತಾನ್ ನಮಗೆ ಎಷ್ಟು ಮುಖ್ಯವಾಗಿತ್ತೆಂಬುದನ್ನು ನೆನೆದರೆ ಆ ದೇಶದ ಸಣ್ಣ ಬೆಳೆಗಾರನಿಗೆ ಇಷ್ಟು ಜಾಗ ಕೊಡುವುದು ದುಬಾರಿಯೇನಲ್ಲ.

ಈ ಲೆಕ್ಕವನ್ನು ತರೀಕೆರೆಯಲ್ಲಿ ಕುಳಿತು ಹೇಳಬಹುದಿತ್ತು. ಬೆಳೆಗಾರರೂ ತಮ್ಮ ನಿಜವಾದ ಭಯವನ್ನು ಹೇಳುತ್ತಿದ್ದರು. ಅವರ ಚಿಂತೆ ಭೂತಾನಿನ ಅಡಿಕೆಯದಲ್ಲ. ಆ ಹೆಸರಿನಲ್ಲಿ ಮ್ಯಾನ್ಮಾರ್, ಇಂಡೊನೇಷ್ಯಾದ ಅಗ್ಗದ ಅಡಿಕೆ ಕಳ್ಳದಾರಿಯಲ್ಲಿ ನುಸುಳುತ್ತದೆಂಬ ಚಿಂತೆ, ಗಡಿಯ ತಪಾಸಣೆ ಬಿಗಿಯಾಗಲಿ ಎಂಬ ಬೇಡಿಕೆ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪಟ್ಟಿಮಾಡಿದ್ದರಿಂದ ಬೆಳೆಯ ಭವಿಷ್ಯದ ಬಗ್ಗೆ ಮೊದಲೇ ದಿಗಿಲುಗೊಂಡಿದ್ದವರು ಅವರು. ಆಗಿದ್ದೇನು? ಅಧಿಸೂಚನೆಯ ಸುದ್ದಿ ಬಂತು, ಪ್ರತಿಭಟನೆಯಾಯಿತು, ರಾಜ್ಯದ ಅಡಿಕೆ ಕಾರ್ಯಪಡೆಯವರು ದೆಹಲಿಗೆ ಹೋದರು, 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೊಗೆ 251ರಿಂದ 351 ರೂಪಾಯಿಗೆ ಏರಿತು. ಕೇಳಿಸಿಕೊಂಡದ್ದು ನಿಜ, ಆದರೆ ಕೂಗಿದ ಮೇಲೆ.

2019ರಲ್ಲಿ ಆರ್‌ಸಿಇಪಿ ಎಂಬ ಹಲವು ದೇಶಗಳ ವ್ಯಾಪಾರ ಒಪ್ಪಂದದ ಮಾತುಕತೆಯ ಕಾಲದಲ್ಲೂ ಇದೇ ಆಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಸಹಕಾರ ಸಂಘಗಳು ಮುಳುಗುತ್ತವೆ ಎಂದು ಕರ್ನಾಟಕದ ಹಾಲು ಉತ್ಪಾದಕರು ಎದ್ದುನಿಂತರು. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹೊರಬಂದಿತು. ರೈತರ ಗೆಲುವು ಎಂದು ಕರೆದರೂ, ಹದಿನೈದು ದೇಶಗಳ ಜೊತೆ ಏಳು ವರ್ಷ ಮಾತಾಡಿ ಕೊನೆಯ ಗಳಿಗೆಯಲ್ಲಿ ಎದ್ದು ಬಂದದ್ದು ದೇಶದ ಮಾತಿನ ಬೆಲೆಯನ್ನು ತಗ್ಗಿಸಿತು ಎನ್ನುವವರೂ ಇದ್ದಾರೆ. ಏಳು ವರ್ಷದ ಮೊದಲ ವರ್ಷವೇ ಹಾಲಿನ ಸಂಘಗಳ ಜೊತೆ ಕುಳಿತಿದ್ದರೆ ಈ ನಷ್ಟವನ್ನು ತಪ್ಪಿಸಬಹುದಿತ್ತು.

ವಿದೇಶಾಂಗ ನೀತಿಯನ್ನು ಸಂತೆಯಲ್ಲಿ ಚರ್ಚಿಸಲಾಗದು, ಮಾತುಕತೆಗೆ ಗುಟ್ಟು ಬೇಕು ಎಂಬ ವಾದವಿದೆ. ಒಪ್ಪತಕ್ಕದ್ದೇ. ಡೋಕ್ಲಾಮಿನ ನಕ್ಷೆಯನ್ನು ಯಾರೂ ಮಂಡಿಯಲ್ಲಿ ಬಿಡಿಸಿ ತೋರಿಸಿ ಎಂದು ಕೇಳುತ್ತಿಲ್ಲ. ಬೆಳೆಗಾರರ ಗುಂಪಿಗೆ ದೇಶದ ನೀತಿಯ ಮೇಲೆ ತಡೆಯಾಜ್ಞೆ ಕೊಡಬೇಕಾಗಿಯೂ ಇಲ್ಲ. ಎಷ್ಟು ಬರುತ್ತದೆ, ಯಾವ ಗಡಿಯಿಂದ, ಎಷ್ಟು ದಿನದವರೆಗೆ, ಬೆಲೆ ಬಿದ್ದರೆ ಏನು ಪರಿಹಾರ ಎಂಬುದರಲ್ಲಿ ಗುಟ್ಟೇನಿದೆ?

ಮಾಡಬಹುದಾದ್ದು

ವಿದೇಶಾಂಗ ಸಚಿವಾಲಯ 2014ರಲ್ಲಿ ರಾಜ್ಯಗಳ ವಿಭಾಗವನ್ನು ತೆರೆದಿದೆ. ರಾಯಭಾರಿಗಳಾಗಿದ್ದವರಿಂದ ಕಾಲೇಜುಗಳಲ್ಲಿ ಉಪನ್ಯಾಸ ಕೊಡಿಸುವ ಯೋಜನೆ 2010ರಿಂದ ಇದೆ. ಅದು ಹೆಚ್ಚಾಗಿ ದೊಡ್ಡ ವಿಶ್ವವಿದ್ಯಾಲಯ, ಐಐಟಿಗಳ ಅಂಗಳದಲ್ಲಿ, ಇಂಗ್ಲಿಷಿನಲ್ಲಿ ನಡೆಯುತ್ತದೆ. ಸಂಸತ್ತಿನ ಸ್ಥಾಯಿ ಸಮಿತಿ 2022ರಲ್ಲಿ ಭಾರತದ ಮೃದುಶಕ್ತಿಯ ಬಗ್ಗೆಯೇ ವರದಿ ಕೊಟ್ಟಿದೆ. ಏರ್ಪಾಡು ಹೊಸದಾಗಿ ಕಟ್ಟಬೇಕಾಗಿಲ್ಲ, ಇರುವುದನ್ನು ಜಿಲ್ಲೆಯ ಕಡೆಗೆ ತಿರುಗಿಸಬೇಕು.

ಉಪನ್ಯಾಸ ಕೊಡುವವರು ಕಡೂರು, ತರೀಕೆರೆ, ಅಜ್ಜಂಪುರಗಳ ಪದವಿ ಕಾಲೇಜುಗಳಿಗೂ ಬರಲಿ, ಕನ್ನಡ ಬಲ್ಲ ನಿವೃತ್ತ ರಾಜತಾಂತ್ರಿಕರು ನಮ್ಮಲ್ಲಿ ಇದ್ದಾರೆ. ಕೃಷಿ ಉತ್ಪನ್ನವನ್ನು ಮುಟ್ಟುವ ಯಾವುದೇ ವ್ಯಾಪಾರ ಒಪ್ಪಂದ, ರಫ್ತು ನಿಷೇಧ, ಆಮದು ರಿಯಾಯಿತಿಯ ಜೊತೆಗೆ ಒಂದು ಪುಟದ ಕನ್ನಡ ವಿವರಣೆ ಅದೇ ದಿನ ಹೊರಬರಲಿ. ಬೀರೂರಿನ, ತರೀಕೆರೆಯ ಮಾರುಕಟ್ಟೆ ಸಮಿತಿಯಲ್ಲಿ, ಮ್ಯಾಮ್ಕೋಸ್‌ನಂಥ ಸಹಕಾರ ಸಂಘಗಳ ಸಭೆಯಲ್ಲಿ ವಾಣಿಜ್ಯ ಇಲಾಖೆಯ ಅಧಿಕಾರಿಯೊಬ್ಬರು ವರ್ಷಕ್ಕೊಮ್ಮೆ ಕುಳಿತು ಪ್ರಶ್ನೆ ಕೇಳಿಸಿಕೊಳ್ಳಲಿ. ಹೊರದೇಶಕ್ಕೆ ಹೋಗುವ ಸಣ್ಣ ವ್ಯಾಪಾರಿ, ಕೂಲಿಗಾರರಿಗೆ ತಾಲ್ಲೂಕು ಕಚೇರಿಯಲ್ಲೇ ಮಾಹಿತಿ ಸಿಗಲಿ. ಮಿತ್ರದೇಶಕ್ಕೆ ಕಳಿಸುವ ಉಡುಗೊರೆಯಿಂದ ಬೆಲೆ ಬಿದ್ದರೆ ಆ ನಷ್ಟ ವಿದೇಶಾಂಗ ನೀತಿಯ ಖರ್ಚೆಂದು ಒಪ್ಪಿ ಕೇಂದ್ರದ ಬೊಕ್ಕಸವೇ ತುಂಬಿಕೊಡಲಿ. ಕೊನೆಯದು ದುಬಾರಿ, ಉಳಿದವಕ್ಕೆ ತಗಲುವ ಹಣ ರಾಯಭಾರ ಕಚೇರಿಯೊಂದರ ಒಂದು ಉತ್ಸವಕ್ಕೂ ಸಮನಾಗದು.

ಇದನ್ನು ರೈತರ ಮೇಲಿನ ದಯೆ ಎಂದುಕೊಳ್ಳಬೇಕಾಗಿಲ್ಲ. ಜಾನ್ಸನ್ನನ ಹಡಗುಗಳು ಕಲಿಸಿದ ಪಾಠ ಹೊರಗಿನ ಜನಕ್ಕೆ ಎಷ್ಟು ಸಲ್ಲುತ್ತದೋ ಒಳಗಿನ ಜನಕ್ಕೂ ಅಷ್ಟೇ ಸಲ್ಲುತ್ತದೆ: ನಂಬಿಕೆ ಹೋದಮೇಲೆ ಒಳ್ಳೆಯ ಕೆಲಸವೂ ಕಳೆಯಾಗಿ ಕಾಣುತ್ತದೆ. ಕಾರಣ ತಿಳಿಯದೆ ನಷ್ಟ ಹೊತ್ತ ಬೆಳೆಗಾರ ಮುಂದಿನ ಪ್ರತಿ ಒಪ್ಪಂದದಲ್ಲೂ ಸಂಚನ್ನೇ ಕಾಣುತ್ತಾನೆ. ಅವನ ಸಿಟ್ಟಿಗೆ ಹೆದರಿದ ಸರ್ಕಾರ ಕೊಟ್ಟ ಮಾತಿನಿಂದ ಹಿಂದೆ ಸರಿಯುತ್ತದೆ, ಹೊರಗೆ ಗಳಿಸಿದ ಹೆಸರೂ ಹೋಗುತ್ತದೆ. ಕಾರಣ ತಿಳಿದು ಹೊತ್ತವನು ಅದೇ ನೀತಿಯನ್ನು ತನ್ನದೆಂದು ವಾದಿಸುತ್ತಾನೆ. ಥಿಂಪುವಿನಲ್ಲೋ ಢಾಕಾದಲ್ಲೋ ಭಾರತದ ಪ್ರತಿನಿಧಿ ಕೊಡುವ ಮಾತು ಎಷ್ಟು ದಿನ ನಿಲ್ಲುತ್ತದೆ ಎಂಬುದು ತರೀಕೆರೆಯ ಮಂಡಿಯಲ್ಲಿ ಅದನ್ನು ಸಮರ್ಥಿಸುವವರು ಎಷ್ಟು ಮಂದಿ ಇದ್ದಾರೆ ಎಂಬುದರ ಮೇಲೂ ನಿಂತಿದೆ.